ಇಂಚು, ಸೆಂಟು, ಮಿಲಿಮೀಟರು: ಏಳನೇ ಕ್ಲಾಸಿಗೆ ದಶಮಾಂಶ ಹತ್ತಿಸಿದ ನನ್ನ ಅನುಭವ

ಹೋದ ಸಮಾಲೋಚನಾ ಸಭೆಯಲ್ಲಿ ನಮ್ಮ ಕ್ಲಸ್ಟರಿನ, ಎಂದರೆ ಅಕ್ಕಪಕ್ಕದ ಶಾಲೆಗಳ, ಇಬ್ಬರು ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದು, "ಮೇಡಂ, ಆ ಪೈಪು ಎಷ್ಟಿಂಚಿಂದು, ಅಡಿಗೆ ಏನು ಹಾಕಿದ್ರಿ, ಸ್ವಲ್ಪ ಬರೆದುಕೊಡಿ" ಎಂದರು. ಮಕ್ಕಳಿಂದ ಮಳೆ ಅಳೆಸಿ ದಶಮಾಂಶ ಕಲಿಸಲು ನಾನು ಪೈಪಿನಲ್ಲಿ ಮಾಡಿಕೊಂಡ ಮಳೆ ಮಾಪಕದ ಮಾತು ಅದು. ಎರಡು ವರ್ಷದ ಹಿಂದೆ "ಪೋರ್ಷನ್ ಬಿಟ್ಟು ಮಳೆ ಅಳೀತಾರಂತೆ" ಎಂದು ಟೀ ಕುಡಿಯುತ್ತಾ ನಕ್ಕವರೂ ಇವರೇ. ಬರೆಯುವುದೇ ಆದರೆ ಎಲ್ಲರಿಗೂ ಸೇರಿಸಿ ಬರೆದುಬಿಡೋಣ ಅನ್ನಿಸಿತು. ಪಾಠಯೋಜನೆ, ಕಲಿಕಾ ಫಲ ಎಲ್ಲ ನೀವು ದಿನಾ ಬರೆಯುವುದೇ. ಅದನ್ನು ಬಿಟ್ಟು ವಿಷಯಕ್ಕೆ ಬರುತ್ತೇನೆ.

ನನ್ನದು ಮೂಡಿಗೆರೆ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಆರು, ಏಳು ಸೇರಿ ಮೂವತ್ತರ ಆಸುಪಾಸು ಮಕ್ಕಳು, ಒಂದೇ ಕೋಣೆ. ಅರ್ಧದಷ್ಟು ತೋಟದ ಲೈನ್ ಮನೆಗಳ ಮಕ್ಕಳು, ಉಳಿದವರು ಎರಡು ಮೂರು ಎಕರೆ ಕಾಫಿ ಇಟ್ಟುಕೊಂಡ ಮನೆಯವರು. ಈಚೆಗೆ ಅಸ್ಸಾಂ ಕಡೆಯಿಂದ ಕೆಲಸಕ್ಕೆ ಬಂದವರ ಮಕ್ಕಳೂ ನಾಲ್ಕೈದು ಸೇರಿದ್ದಾರೆ. ಜೂನ್‌ನಲ್ಲಿ ಸೇತುಬಂಧ (ಹಿಂದಿನ ವರ್ಷದ ಪಾಠದ ಪುನರಾವರ್ತನೆ) ಮುಗಿಸಿ, ಪೂರ್ಣಾಂಕ, ಭಿನ್ನರಾಶಿ ಮತ್ತು ದಶಮಾಂಶ, ದತ್ತಾಂಶಗಳ ನಿರ್ವಹಣೆ, ಸರಳ ಸಮೀಕರಣ ಇಷ್ಟನ್ನು ದಸರಾ ರಜೆಯೊಳಗೆ ಎಳೆದು ದಡ ಸೇರಿಸಬೇಕು. ನಮ್ಮಲ್ಲಿ ಮಳೆಯೂ ಅದೇ ಹೊತ್ತಿಗೆ. ಜುಲೈಯಲ್ಲಿ ಮಳೆ ರಜೆ ಶುರುವಾದರೆ ವಾರಕ್ಕೆ ಮೂರು ದಿನ ಶಾಲೆ ನಡೆದರೆ ಪುಣ್ಯ. ನಡೆದ ದಿನವೂ ಶೀಟಿನ ಮೇಲೆ ಬೀಳುವ ಸದ್ದಿಗೆ ನನ್ನ ಗಂಟಲು ಮೂರನೇ ಬೆಂಚಿಗೆ ಮುಟ್ಟುವುದಿಲ್ಲ.

ದಶಮಾಂಶದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ ಎನ್ನುವುದು ನಿಮಗೂ ಗೊತ್ತು. 0.5 ದೊಡ್ಡದೋ 0.35 ದೊಡ್ಡದೋ ಎಂದು ಕೇಳಿ, "ಮೂವತ್ತೈದು ದೊಡ್ಡದು ಮಿಸ್" ಎನ್ನುತ್ತಾರೆ. 1.8, 1.08 ಎರಡನ್ನೂ "ಒಂದು ಪಾಯಿಂಟ್ ಎಂಟು" ಎಂದೇ ಓದುತ್ತಾರೆ. ರೂಪಾಯಿ ಪೈಸೆಯಲ್ಲಿ ಹೇಳಿಕೊಡಿ ಎಂದು ತರಬೇತಿಯಲ್ಲಿ ಹೇಳಿದ್ದರು. ಈಗಿನ ಮಕ್ಕಳು ಪೈಸೆ ಕಂಡವರೇ ಅಲ್ಲ. ಎಂಟಾಣೆ ಎಂದರೆ ಅಜ್ಜಿ ಹೇಳುವ ಕಥೆ. ನೂರು ಚೌಕದ ಗ್ರಿಡ್ ಹಾಳೆಗೆ ಬಣ್ಣ ತುಂಬಿಸಿದೆ. ಬಣ್ಣ ಚೆನ್ನಾಗಿ ತುಂಬಿದರು, ಲೆಕ್ಕ ಬರಲಿಲ್ಲ. ಚಾರ್ಟ್ ಮಾಡಿ ಗೋಡೆಗೆ ಅಂಟಿಸಿದೆ, ಸೋರುವ ಗೋಡೆಯಲ್ಲಿ ಅದು ಆಗಸ್ಟ್ ಕಾಣಲಿಲ್ಲ.

ದಾರಿ ತೋರಿಸಿದವನು ಆರನೇ ಕ್ಲಾಸಿನ ಒಬ್ಬ ಹುಡುಗ. ಅವನಪ್ಪ ಪಕ್ಕದ ಎಸ್ಟೇಟಿನಲ್ಲಿ ಬೆಳಗ್ಗೆ ಮಳೆ ಅಳತೆ ನೋಡಿ ತೋಟದ ಲೆಕ್ಕ ಬರೆಯುವ ರೈಟರಿಗೆ ಹೇಳುವ ಕೆಲಸದವರು. ಒಂದು ದಿನ ಹಾಜರಿ ಕರೆಯುವಾಗ, ತಡವಾಗಿದ್ದು ಯಾಕೋ ಎಂದರೆ, "ಹಳ್ಳ ಬಂದಿತ್ತು ಮಿಸ್, ರಾತ್ರಿ ಮೂರಿಂಚು ಎಂಟು ಸೆಂಟು ಹೊಡೆದದೆ" ಎಂದ. ಪಕ್ಕದವಳು ಬಿಡಬೇಕಲ್ಲ, "ನಮ್ಮ ಸಾಹುಕಾರ್ರ ತೋಟದಲ್ಲಿ ಮೂರಿಂಚು ಎಂಬತ್ತು" ಎಂದಳು. ಅಷ್ಟಕ್ಕೇ ಜಗಳ. ಎಂಟು ಸೆಂಟಿಗೂ ಎಂಬತ್ತು ಸೆಂಟಿಗೂ ಇರುವ ಅಂತರ ಇಬ್ಬರಿಗೂ ಚೆನ್ನಾಗಿ ಗೊತ್ತು. ಒಂದಿಂಚಿಗೆ ನೂರು ಸೆಂಟು ಎನ್ನುವುದನ್ನು ಕಾಫಿ ಸೀಮೆಯಲ್ಲಿ ಯಾರೂ ಪಾಠ ಮಾಡಿ ಕಲಿಸುವುದಿಲ್ಲ. ಕಾಫಿ ಹೂ ಅರಳಿಸುವ ಹೂ ಮಳೆ ಎಷ್ಟು ಬಿತ್ತು, ಅದರ ಹಿಂದೆ ಬರಬೇಕಾದ ಬ್ಯಾಕಿಂಗ್ ಮಳೆ ಎಷ್ಟು ಸಿಕ್ಕಿತು ಎಂದು ಮಾರ್ಚ್ ಏಪ್ರಿಲಿನಲ್ಲಿ ಮನೆಮನೆಯಲ್ಲೂ ಇದೇ ಮಾತು. ಬೋರ್ಡಿನ ಮೇಲೆ 3.08, 3.80 ಎಂದು ಬರೆದು ನಿಮ್ಮದು ಯಾವುದು ಎಂದೆ. ತಮ್ಮ ತಮ್ಮ ಸಂಖ್ಯೆಯನ್ನು ಬಂದು ಮುಟ್ಟಿ ತೋರಿಸಿದರು. ಗ್ರಿಡ್ ಹಾಳೆಯಲ್ಲಿ ಒಂದು ತಿಂಗಳು ಒದ್ದಾಡಿದ್ದು ಎರಡು ನಿಮಿಷದಲ್ಲಿ ಆಯಿತು.

ಅಲ್ಲಿಗೇ ಬಿಟ್ಟಿದ್ದರೆ ಒಂದು ಒಳ್ಳೆಯ ಉದಾಹರಣೆ ಸಿಕ್ಕಿತು ಎಂದಷ್ಟೇ ಆಗುತ್ತಿತ್ತು. ಆದರೆ ಬೇರೆಯವರ ತೋಟದ ಅಂಕಿ ಇಟ್ಟುಕೊಂಡು ಎಷ್ಟು ದಿನ ಲೆಕ್ಕ ಮಾಡಿಸುವುದು? ಶಾಲೆಯಲ್ಲೇ ಅಳೆಯಬೇಕು ಎಂದು ಹೊರಟೆ. ಪಜೀತಿ ಶುರುವಾದದ್ದು ಅಲ್ಲಿಂದ.

ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದ್ದು: ಎರಡು ಲೀಟರಿನ ಕೂಲ್‌ಡ್ರಿಂಕ್ಸ್ ಬಾಟಲಿ ಕತ್ತರಿಸಿ, ಮೇಲಿನ ತುಂಡನ್ನು ತಲೆಕೆಳಗು ಮಾಡಿ ಆಲಿಕೆ ಥರ ಕೂರಿಸುವುದು. ಪುಸ್ತಕದ ಚಿತ್ರದಲ್ಲಿ ಚಂದ ಕಾಣುತ್ತದೆ. ಬಾಟಲಿಯ ತಳ ಐದು ಉಬ್ಬು ಐದು ತಗ್ಗು, ಸೊನ್ನೆ ಎಲ್ಲಿ ಇಡುವುದು? ಸಣ್ಣ ಕಲ್ಲು ತುಂಬಿ ನೀರು ಹಾಕಿ ಗೆರೆ ಎಳೆದೆವು. ಬಿಸಿಲು ಬಂದ ದಿನ ಆ ನೀರು ಆರಿ ಗೆರೆಗಿಂತ ಕೆಳಗೆ ಹೋಯಿತು. ನಡುವೆ ಸೊಂಟ ಬೇರೆ. ಸೊಂಟದ ಹತ್ತಿರ ಬಂದ ಕೂಡಲೇ ನೀರು ಸರಸರ ಮೇಲೇರಿ ಮಳೆ ಜಾಸ್ತಿ ತೋರಿಸುತ್ತಿತ್ತು. ಗಾಳಿಗೆ ಬಿದ್ದದ್ದು, ನಾಯಿ ಬೀಳಿಸಿದ್ದು, ಕಪ್ಪೆ ಒಳಗೆ ಸೇರಿಕೊಂಡದ್ದು ಲೆಕ್ಕಕ್ಕೇ ಇಲ್ಲ. ಟೇಪು, ಎಂ-ಸೀಲು ಎಂದು ನೂರೈವತ್ತು ರೂಪಾಯಿ ಆಗಿರಬೇಕು. ಜುಲೈ ಮುಗಿಯುವ ಹೊತ್ತಿಗೆ ಒಂದು ವಾರದ ಪೂರ್ತಿ ಅಂಕಿಯೂ ಕೈಯಲ್ಲಿ ಇರಲಿಲ್ಲ. ನಮ್ಮ ಹೆಡ್‌ಮಾಸ್ಟ್ರು ಒಳ್ಳೆಯವರೇ, ಆದರೂ "ಎಫ್‌ಎ ಪರೀಕ್ಷೆಯ ಅಂಕ ಏರಿಸಬೇಕಲ್ಲಮ್ಮ, ಇದನ್ನು ಸ್ವಲ್ಪ ಬದಿಗಿಡು" ಎಂದರು.

ಎರಡನೇ ವರ್ಷ ದುಡ್ಡು ಕೊಟ್ಟರೆ ಆಗುತ್ತದೆ ಎಂದು ಆನ್‌ಲೈನಿನಲ್ಲಿ ಒಂದು ಮಳೆ ಮಾಪಕ ತರಿಸಿದೆ. ನಾನೂರೈವತ್ತೋ ಏನೋ. ಗಾಜಿನ ಥರದ ಪ್ಲಾಸ್ಟಿಕ್ಕು, ನೆಲಕ್ಕೆ ಚುಚ್ಚುವ ಕಡ್ಡಿ, ನೋಡೋಕೆ ಮುದ್ದು. ಅಳತೆ ನೋಡಿದರೆ ಮೂವತ್ತೈದು ಮಿಲಿಮೀಟರಿಗೇ ಮುಗಿದಿದೆ! ಯಾವುದೋ ಊರಿನ ಹೂದೋಟಕ್ಕೆ ಮಾಡಿದ್ದು. ನಮ್ಮ ಪುನರ್ವಸು ಮಳೆಗೆ ಅದು ಸಂಜೆಯೊಳಗೆ ತುಂಬಿ ಹರಿದು, ಬೆಳಗ್ಗೆ ಏನೂ ಆಗದವರ ಹಾಗೆ ನಿಂತಿರುತ್ತಿತ್ತು. ಮಕ್ಕಳು ದಿನಾ 35, 35, 35 ಎಂದು ಬರೆದರು. ಬಹುಲಕ, ಎಂದರೆ ಅತಿ ಹೆಚ್ಚು ಸಲ ಬರುವ ಅಂಕಿ, ಕಲಿಸೋಕೆ ಒಳ್ಳೇದಾಯ್ತು ಬಿಡಿ. ಕೊನೆಗೆ ಬುಡದಲ್ಲಿ ಸೀಳು ಬಿಟ್ಟಿತು. ವಾಪಸ್ ಕಳಿಸುವ ಅವಧಿ ಮುಗಿದಿದೆ ಎಂದು ಉತ್ತರ ಬಂತು. ಶಾಲಾ ಅನುದಾನದಲ್ಲಿ ಹಾಕೋಣ ಎಂದರೆ ಯಾವ ಬಾಬ್ತಿಗೆ ಹಾಕುವುದು ಎನ್ನುವ ಪ್ರಶ್ನೆ, ಸಂಬಳದಲ್ಲೇ ಹೋಯಿತು.

ಪಿವಿಸಿ ಪೈಪಿನ ಯೋಚನೆ ಬಂದದ್ದು ನಮ್ಮ ಮನೆಯ ಬಾತ್‌ರೂಮ್ ರಿಪೇರಿ ಹೊತ್ತಿನಲ್ಲಿ. ಪ್ಲಂಬರ್ ಉಳಿಸಿ ಹೋದ ನಾಲ್ಕಿಂಚಿನ ತುಂಡು, ಒಂದೂವರೆ ಅಡಿ ಉದ್ದ. ಗೋಡೆ ನೇರ, ಮೇಲಿಂದ ಕೆಳಗೆ ಒಂದೇ ಅಗಲ, ತುಂಬಿ ಹರಿಯುವ ಭಯವಿಲ್ಲ. ಗೋಡೆ ನೇರ ಇದ್ದರೆ ಬಾಯಿ ಎಷ್ಟೇ ಅಗಲವಿರಲಿ, ಒಳಗೆ ನಿಂತ ನೀರಿನ ಎತ್ತರವೇ ಮಳೆ, ಲೆಕ್ಕಾಚಾರವೇ ಬೇಡ. ಒಂದು ಕಡೆಗೆ ಎಂಡ್ ಕ್ಯಾಪ್ ಸಾಲ್ವೆಂಟ್ ಹಾಕಿ ಕೂರಿಸಿದೆ. ಕ್ಯಾಪಿನ ಒಳಗೂ ಗುಳಿ ಇರುತ್ತದೆ, ನೆನಪಿಡಿ. ಮೊದಲು ಸಿಮೆಂಟ್ ಹಾಕಿದೆ, ಅದು ನೀರು ಹೀರಿಕೊಂಡು ದಿನಾ ಒಂದೆರಡು ಮಿಲಿಮೀಟರ್ ನುಂಗುತ್ತಿತ್ತು. ಮೇಣದ ಬತ್ತಿ ಕರಗಿಸಿ ಸುರಿದು, ಪೈಪನ್ನು ನೆಟ್ಟಗೆ ನಿಲ್ಲಿಸಿ ಆರಲು ಬಿಟ್ಟರೆ ಮೇಣ ತಾನೇ ಸಮತಟ್ಟಾಗಿ ಕೂರುತ್ತದೆ. ಅಂಚಿನಲ್ಲಿ ಸ್ವಲ್ಪ ಕುಗ್ಗುತ್ತದೆ, ಎರಡನೇ ಸಲ ತೆಳ್ಳಗೆ ಸುರಿಯಿರಿ. ಬೇಲಿಯ ಕಲ್ಲುಕಂಬಕ್ಕೆ ಕ್ಲ್ಯಾಂಪ್ ಹಾಕಿ, ಬಾಯಿ ಕಂಬಕ್ಕಿಂತ ಒಂದು ಗೇಣು ಮೇಲೆ ಬರುವಂತೆ ನಿಲ್ಲಿಸಿದ್ದೇವೆ. ಕೆಳಗಿದ್ದರೆ ಕಂಬದ ತಲೆಯ ಮೇಲೆ ಬಿದ್ದ ಹನಿ ಒಳಗೆ ಸಿಡಿಯುತ್ತದೆ. ನೆಟ್ಟಗಿದೆಯೋ ಎಂದು ದಾರಕ್ಕೆ ಕಲ್ಲು ಕಟ್ಟಿ ನೋಡುವುದು ಮಕ್ಕಳ ಕೆಲಸ. ಇಂಥದ್ದು ಎರಡು ಮಾಡಿದ್ದಕ್ಕೆ ಕ್ಯಾಪು, ಮೇಣ, ಕ್ಲ್ಯಾಂಪು ಎಲ್ಲ ಸೇರಿ ನಾನೂರು, ನಾನೂರೈವತ್ತರೊಳಗೆ ಆಗಿದೆ. ಆನ್‌ಲೈನಿನ ಆ ಒಂದು ಆಟಿಕೆಯ ದುಡ್ಡಿಗೆ ಎರಡು!

ಪೈಪಿನೊಳಗೆ ಕಾಣುವುದಿಲ್ಲವಲ್ಲ, ಓದುವುದು ಹೇಗೆ? ಸ್ಟೀಲ್ ಸ್ಕೇಲ್. ಪ್ಲಾಸ್ಟಿಕ್ ಸ್ಕೇಲ್ ಬೇಡವೇ ಬೇಡ, ಅದರ ಸೊನ್ನೆ ತುದಿಯಿಂದ ನಾಲ್ಕೈದು ಮಿಲಿಮೀಟರ್ ಒಳಗೆ ಶುರುವಾಗುತ್ತದೆ. ಸ್ಟೀಲಿನದು ಅಂಚಿನಿಂದಲೇ ಶುರು. ಅದರ ಮೇಲೆ ಬಿಳಿ ಸೀಮೆಸುಣ್ಣ ಒಣಗಿದ್ದನ್ನು ದಪ್ಪಗೆ ಉಜ್ಜಬೇಕು. ಬೈಂಡಿಂಗ್ ವೈರ್ ಕಟ್ಟಿ ನೆಟ್ಟಗೆ ಇಳಿಸಿ, ತಳ ಮುಟ್ಟಿದ ಟಕ್ ಸದ್ದು ಕೇಳಿದ ಮೇಲೆ ಎತ್ತಬೇಕು. ಸುಣ್ಣ ಒದ್ದೆಯಾದಲ್ಲಿ ಕಪ್ಪು, ಮೇಲೆ ಬಿಳಿ, ನಡುವಿನ ಗೆರೆ ಚಾಕುವಿನಲ್ಲಿ ಕುಯ್ದ ಹಾಗೆ ಸ್ಪಷ್ಟ. ಸೆಕೆಂಡುಗಳಲ್ಲಿ ಓದಬೇಕು, ಇಲ್ಲದಿದ್ದರೆ ತೇವ ಮೇಲಕ್ಕೆ ಹತ್ತುತ್ತದೆ. ಅರ್ಧ ಮಿಲಿಮೀಟರನ್ನೂ ಬಿಡದೆ ಹಿಡಿಯೋಕೆ ಇನ್ನೊಂದು ಉಪಾಯ ಇದೆ. ತಾಲ್ಲೂಕು ಮಟ್ಟದ ವಿಜ್ಞಾನ ವಸ್ತುಪ್ರದರ್ಶನ ಮುಗಿಯುವ ತನಕ ಅದನ್ನು ಹೇಳುವುದಿಲ್ಲ, ಕ್ಷಮಿಸಿ.

ದಿನಕ್ಕೆ ಇಬ್ಬರು ಮಕ್ಕಳು. ಒಬ್ಬರು ಓದುವುದು, ಒಬ್ಬರು ಬರೆಯುವುದು, ಮರುದಿನ ಅದಲು ಬದಲು. ಮೊದಲು ಮಿಲಿಮೀಟರ್, ಪಕ್ಕದಲ್ಲೇ ಇಂಚು ಸೆಂಟು. ಭಾನುವಾರ ಮತ್ತು ಮಳೆ ರಜೆಯದ್ದೇ ತಲೆನೋವಾಗಿತ್ತು. ಬಿಸಿಯೂಟದ ಅಡುಗೆ ಅಕ್ಕನ ಮನೆ ಶಾಲೆಯ ಬೇಲಿಗೆ ತಾಗಿಕೊಂಡಿದೆ. "ಅಕ್ಕ, ಒಂದು ಸಲ ಸ್ಕೇಲು ಇಳಿಸಿ ನೋಡ್ತೀರಾ" ಎಂದು ಕೇಳಿದೆ. ಮೂರನೇ ಕ್ಲಾಸು ಓದಿದವರು, ಮೊದಲು ಹಿಂಜರಿದರು. ಈಗ ಅವರ ಅಂಕಿಯೇ ಎಲ್ಲಕ್ಕಿಂತ ನಂಬಿಕಸ್ತ. ರಜೆ ದಿನ ಬೆಳಗ್ಗೆ ಅಡುಗೆಮನೆ ಬಾಗಿಲ ಹಿಂದೆ ಸುಣ್ಣದಲ್ಲಿ ಬರೆದಿಟ್ಟಿರುತ್ತಾರೆ.

ಮೋಸವೂ ನಡೆಯಿತು, ನಡೆಯದೆ ಇರುತ್ತದೆಯೇ? ಎರಡು ಗುಂಪು ಮಾಡಿ ಎರಡು ಪೈಪು ಕೊಟ್ಟಿದ್ದೆ. ಒಂದು ಗುಂಪಿಗೆ ಇದ್ದಕ್ಕಿದ್ದಂತೆ ಹತ್ತು ಮಿಲಿಮೀಟರ್ ಹೆಚ್ಚು ಮಳೆ ಬೀಳತೊಡಗಿತು. ಬಕೆಟಿನಿಂದ ಒಂದು ಲೋಟ ಸುರಿಯುತ್ತಿದ್ದರು. ಹಿಡಿದದ್ದು ಹೇಗೆ ಎಂದು ಇಲ್ಲಿ ಬರೆಯುವುದಿಲ್ಲ, ನನ್ನ ಮಕ್ಕಳೂ ಓದುತ್ತಾರೆ. ಬೈಯಲಿಲ್ಲ. "ಒಂದು ಲೋಟಕ್ಕೆ ಎಷ್ಟು ಮಿಲಿಮೀಟರ್ ಏರುತ್ತದೆ, ಲೆಕ್ಕ ಮಾಡಿ ತೋರಿಸಿ" ಎಂದೆ. ಅವತ್ತಿನ ಪೀರಿಯಡ್ಡು ಅದಕ್ಕೇ ಹೋಯಿತು, ವರ್ಷದ ಅತ್ಯುತ್ತಮ ಪೀರಿಯಡ್ಡುಗಳಲ್ಲಿ ಒಂದು. ಆಮೇಲೆ ಮೋಸದ ಆಸೆಯೂ ಹೋಯಿತು.

ಮಿಲಿಮೀಟರಿನಿಂದ ಇಂಚಿಗೆ ಬರಲು 25.4 ರಿಂದ ಭಾಗಿಸಬೇಕು. ದಶಮಾಂಶದ ಭಾಗಾಕಾರ ಎಂದರೆ ಮೂಗು ಮುರಿಯುತ್ತಿದ್ದವರಿಗೆ ಇದು ದಿನಾ ಬೆಳಗಿನ ಕೆಲಸವಾಯಿತು. ಅಷ್ಟರಲ್ಲಿ ಅಸ್ಸಾಂನ ಒಬ್ಬ ಹುಡುಗ ಅಡ್ಡದಾರಿ ಕಂಡುಹಿಡಿದ. ಕನ್ನಡ ಇನ್ನೂ ತೊದಲು, ಅಂಕಿಯಲ್ಲಿ ಮಾತ್ರ ಪಂಟ. ಒಂದು ಮಿಲಿಮೀಟರ್ ಎಂದರೆ ನಾಲ್ಕು ಸೆಂಟು, ನಾಲ್ಕರಿಂದ ಗುಣಿಸಿದರೆ ಮುಗಿಯಿತು ಎಂದು ಬೆರಳಲ್ಲೇ ತೋರಿಸಿದ. ಕ್ಲಾಸಿಗೆ ಕ್ಲಾಸೇ ಅವನ ಹಿಂದೆ. ನಾನು ಸುಮ್ಮನಿದ್ದೆ. 6 ಮಿಲಿಮೀಟರಿಗೆ 24 ಸೆಂಟು, ಸರಿಯಾಯಿತು. ಒಂದು ದಿನ 142 ಮಿಲಿಮೀಟರ್ ಬಿತ್ತು. ಅವನ ಲೆಕ್ಕದಲ್ಲಿ 568 ಸೆಂಟು, ಭಾಗಿಸಿದವರ ಲೆಕ್ಕದಲ್ಲಿ 559. ಒಂಬತ್ತು ಸೆಂಟು ಎಲ್ಲಿಂದ ಬಂತು? ಆ ಜಗಳದಲ್ಲಿ ಒಂದು ಮಿಲಿಮೀಟರಿಗೆ ನಾಲ್ಕಲ್ಲ, 3.94ರ ಹತ್ತಿರ ಎಂದು ಅವರೇ ಕಂಡುಕೊಂಡರು. ಅಂದಾಜು ಎಲ್ಲಿ ನಡೆಯುತ್ತದೆ, ಎಲ್ಲಿ ಕೈಕೊಡುತ್ತದೆ ಎನ್ನುವುದನ್ನು ನಾನು ಪಾಠ ಮಾಡಿ ಹೇಳಿದ್ದರೆ ಇಷ್ಟು ಹತ್ತುತ್ತಿರಲಿಲ್ಲ.

ಎಸ್ಟೇಟಿನ ರೈಟರ್ ನಮ್ಮ ಪೈಪನ್ನು ನಂಬಲೇ ಇಲ್ಲ. "ಮೇಡಂ, ನಮ್ಮದು ಹಳೇ ಕಾಲದ ತಾಮ್ರದ ಮಾಪಕ, ನಿಮ್ಮದು ಬಾತ್‌ರೂಮಿನ ಪೈಪು" ಎಂದರು. ಮಕ್ಕಳಿಗೆ ಸಿಟ್ಟು ಬಂತು. ಒಂದು ವಾರದ್ದು ಪಕ್ಕ ಪಕ್ಕ ಇಟ್ಟು ನೋಡಿದೆವು. ದಿನದ ಅಂಕಿ ಹೊಂದಲೇ ಇಲ್ಲ. ಒಂದು ದಿನವಂತೂ ನಮ್ಮದು ಅವರದ್ದರ ಎರಡರಷ್ಟು. ರೈಟರ್ ನಕ್ಕರು. ಆಮೇಲೆ ಒಬ್ಬಳು ಹುಡುಗಿ ಕೇಳಿದಳು, "ಅವರು ಎಷ್ಟೊತ್ತಿಗೆ ನೋಡ್ತಾರೆ ಮಿಸ್?" ತೋಟದಲ್ಲಿ ಏಳಕ್ಕೆ, ಆಳುಗಳು ಕೆಲಸಕ್ಕೆ ಬರುವ ಹೊತ್ತಿಗೆ. ನಾವು ಪ್ರಾರ್ಥನೆಗೆ ಮುಂಚೆ, ಒಂಬತ್ತೂವರೆ ಸುಮಾರಿಗೆ. ನಡುವೆ ಬಿದ್ದ ಮಳೆ ನಮಗೆ ಇವತ್ತಿನದು, ಅವರಿಗೆ ನಾಳಿನದು. ವಾರದ ಮೊತ್ತ ಕೂಡಿದೆವು. ನಮ್ಮದು 290 ಮಿಲಿಮೀಟರ್, ಎಂದರೆ ಹನ್ನೊಂದು ಇಂಚು ನಲವತ್ತೆರಡು ಸೆಂಟು. ಅವರದು ಹನ್ನೊಂದು ಅರವತ್ತು. ಇಡೀ ವಾರಕ್ಕೆ ಹದಿನೆಂಟು ಸೆಂಟಿನ ವ್ಯತ್ಯಾಸ! ರೈಟರ್ ಪುಸ್ತಕ ತಿರುವಿ ನೋಡಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಹವಾಮಾನ ಇಲಾಖೆಯವರು ಬೆಳಗ್ಗೆ 8.30 ರಿಂದ ಮರುದಿನ 8.30ರ ತನಕ ಒಂದು ದಿನ ಎಂದು ಯಾಕೆ ಕಟ್ಟು ಮಾಡಿದ್ದಾರೆ ಎನ್ನುವುದು ಮಕ್ಕಳಿಗೆ ಅವತ್ತೇ ಅರ್ಥವಾಯಿತು. ಈಗ ನಾವೂ 8.30. ಹತ್ತಿರದ ಮನೆಯ ಮಕ್ಕಳು ಆ ಹೊತ್ತಿಗೆ ಬಂದು ಓದುತ್ತಾರೆ.

ಅದೇ ವಾರದ ಅಂಕಿಯನ್ನು ಸರಾಸರಿಗೂ ಬಳಸಿದೆ. 12.5, 0, 38, 64.5, 142, 27, 6. ಕೂಡಿದರೆ 290. ಅರ್ಧ ಕ್ಲಾಸು ಆರರಿಂದ ಭಾಗಿಸಿತು. ಸೊನ್ನೆ ಬಿದ್ದ ದಿನ ಮಳೆಯೇ ಇಲ್ಲವಲ್ಲ, ಅದನ್ನು ಯಾಕೆ ಲೆಕ್ಕಕ್ಕೆ ತಗೋಬೇಕು ಎನ್ನುವುದು ಅವರ ವಾದ. ಉತ್ತರ 48.3. ಏಳರಿಂದ ಭಾಗಿಸಿದವರಿಗೆ 41.4. ಪುಸ್ತಕದಲ್ಲಿರುವ ಕ್ರಿಕೆಟ್ ರನ್ನಿನ ಲೆಕ್ಕದಲ್ಲಿ ಸೊನ್ನೆ ಬಂದರೆ ಯಾರೂ ಕೇಳುವುದಿಲ್ಲ, ಇಲ್ಲಿ ಕೇಳಿದರು. "ವಾರ ಎಂದರೆ ಎಷ್ಟು ದಿನ" ಎಂದು ಒಬ್ಬ ಹಿಂದಿನ ಬೆಂಚಿನಿಂದ ಕೂಗಿದ ಮೇಲೆ ಇತ್ಯರ್ಥವಾಯಿತು. ಆಮೇಲೆ ಮಧ್ಯಾಂಕ: ಏರಿಕೆಯಲ್ಲಿ ಬರೆದರೆ ನಡುವಿನದು 27. ಸರಾಸರಿ 41, ಮಧ್ಯಾಂಕ 27. ವಾರದಲ್ಲಿ ಐದು ದಿನ ಸರಾಸರಿಗಿಂತ ಕಡಿಮೆ ಮಳೆ ಬಿದ್ದಿದೆ, ಹಾಗಾದರೆ ಇದು ಎಂಥ ಸರಾಸರಿ? ಒಂದು ದಿನದ 142 ಎಲ್ಲವನ್ನೂ ಎಳೆದುಕೊಂಡು ಹೋಗಿದೆ ಎಂದು ಕಂಡುಕೊಂಡರು. ಎರಡು ಬಗೆಯ "ನಡು" ಯಾಕೆ ಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ಬಹುಲಕಕ್ಕೆ ಮಾತ್ರ ಮಳೆ ಪ್ರಯೋಜನಕ್ಕಿಲ್ಲ, ಒಂದೇ ಅಂಕಿ ಎರಡು ಸಲ ಬರುವುದೇ ಅಪರೂಪ. ಅದಕ್ಕೆ ಮಕ್ಕಳ ಗಂಬೂಟಿನ ಅಳತೆ ತೆಗೆದುಕೊಂಡೆ.

ಪೂರ್ಣಾಂಕವನ್ನೂ ಇದರಲ್ಲೇ ಸೇರಿಸಬಹುದು ಎಂದು ಗೊತ್ತಾದದ್ದು ತಡವಾಗಿ. ಶಾಲೆ ನಡೆದ ಐದು ದಿನ 20, 35, 50, 5, 40 ಎಂದಿಟ್ಟುಕೊಳ್ಳಿ. ಸರಾಸರಿ 30. ಪ್ರತಿ ದಿನ ಸರಾಸರಿಗಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ: ಮೈನಸ್ 10, ಪ್ಲಸ್ 5, ಪ್ಲಸ್ 20, ಮೈನಸ್ 25, ಪ್ಲಸ್ 10. ಕೂಡಿ ಎಂದರೆ ಸೊನ್ನೆ. ಬೇರೆ ವಾರ ತಗೊಂಡರೂ ಸೊನ್ನೆ. ಇದು ನಾನು ಮಾಡಿದ ಮಾಟ ಎಂದು ಮೂರು ದಿನ ನಂಬಿದ್ದರು. ತಾವೇ ಅಂಕಿ ಕಟ್ಟಿಕೊಂಡು ಬಂದು ನನ್ನನ್ನು ಸೋಲಿಸಲು ನೋಡಿದರು. ನಲವತ್ತು ಲೆಕ್ಕ ಮನೆಗೆ ಕೊಟ್ಟರೆ ಮಾಡದವರು ಈ ಹಟಕ್ಕೆ ಅದಕ್ಕಿಂತ ಹೆಚ್ಚು ಮಾಡಿದರು.

ಈ ನಡುವೆ ಅಡ್ಡದಾರಿಗಳಿಗೂ ಹೋದೆವು. ಒಂದು ಮಿಲಿಮೀಟರ್ ಮಳೆ ಒಂದು ಚದರ ಮೀಟರ್ ಜಾಗಕ್ಕೆ ಬಿದ್ದರೆ ಸರಿಯಾಗಿ ಒಂದು ಲೀಟರ್. ಹಾಗಾದರೆ ನಮ್ಮ ಶಾಲೆಯ ಸೂರಿನಿಂದ 142ರ ದಿನ ಎಷ್ಟು ನೀರು ಇಳಿಯಿತು? ಹಗ್ಗ ಹಿಡಿದು ಅಳೆದರು: ಉದ್ದ 18 ಮೀಟರ್, ಅಗಲ 6. ಆಗ ಒಬ್ಬ ತಕರಾರು ತೆಗೆದ: ಸೂರು ಇಳಿಜಾರಿದೆ, ಮೇಲೆ ಹತ್ತಿ ಅಳೆದರೆ ಜಾಸ್ತಿ ಬರುತ್ತದಲ್ಲ? ಮಳೆ ಮೇಲಿಂದ ನೋಡಿದರೆ ಸೂರು ಎಷ್ಟು ಕಾಣುತ್ತದೆ ಎಂದು ಕೇಳಿದೆ. ಪುಸ್ತಕವನ್ನು ಓರೆ ಹಿಡಿದು, ಅದರ ನೆರಳು ನೋಡಿ, ನೆಲದ ಅಳತೆಯೇ ಸರಿ ಎಂದು ಅವನೇ ಒಪ್ಪಿದ. 108 ಗುಣಿಸು 142, ಹದಿನೈದು ಸಾವಿರ ಲೀಟರ್ ಮೇಲೆ. ನಮ್ಮ ಸಾವಿರ ಲೀಟರಿನ ಕಪ್ಪು ಟ್ಯಾಂಕು ಹದಿನೈದು ಸಲ ತುಂಬುವಷ್ಟು, ಒಂದೇ ದಿನದಲ್ಲಿ. ಮಾರ್ಚಿನಲ್ಲಿ ಅದೇ ಮಕ್ಕಳು ಕೈತೊಳೆಯೋಕೆ ಕೊಡ ಹೊರುತ್ತಾರೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಿಗೆ ಈ ಲೆಕ್ಕದ ಹಾಳೆ ಕೊಟ್ಟಿದ್ದೇನೆ, ಸೂರಿನ ನೀರು ಹಿಡಿಯುವ ದೋಣಿ ಹಾಕಿಸುತ್ತೇನೆ ಎಂದಿದ್ದಾರೆ. ನೋಡೋಣ.

ಇನ್ನೊಂದು ಪೈಪನ್ನು ಸಿಲ್ವರ್ ಓಕ್ ಮರದ ಕೆಳಗೆ ಇಟ್ಟೆವು. ಹನಿಮಳೆಯ ದಿನ ಬಯಲಿನ ಅರ್ಧವೂ ಇಲ್ಲ, ಎಲೆಯೇ ಕುಡಿದುಬಿಡುತ್ತದೆ. ಹಗಲು ರಾತ್ರಿ ಹಿಡಿದ ಮಳೆಯಲ್ಲಿ ಹೆಚ್ಚು ಕಡಿಮೆ ಸಮ. ಮಣ್ಣಿನದ್ದೂ ಒಂದು ಮಾಡಿದೆವು. ಕಾಫಿ ಗಿಡದ ಬುಡದ ತರಗೆಲೆ ಮಣ್ಣು ಒಂದು ಬಾಟಲಿಗೆ, ಶುಂಠಿ ಕಿತ್ತ ಜಾಗದ ಮಣ್ಣು ಇನ್ನೊಂದಕ್ಕೆ, ಎರಡಕ್ಕೂ ಒಂದೊಂದು ಲೀಟರ್ ನೀರು. ಮೊದಲನೆಯದರಿಂದ ತಿಳಿಯಾಗಿ ಇಳಿಯಿತು, ಎರಡನೆಯದರಲ್ಲಿ ಮೇಲೇ ನಿಂತು ಕೆಂಪಗೆ ಹರಿಯಿತು. ಶುಂಠಿ ಹಾಕಿದವರ ಮನೆಯ ಮಗುವೂ ಕ್ಲಾಸಿನಲ್ಲಿತ್ತು, ಮಾತು ಮುಂದುವರಿಸಲಿಲ್ಲ.

ಹೇಮಾವತಿ ಹುಟ್ಟುವುದು ನಮ್ಮ ತಾಲ್ಲೂಕಿನಲ್ಲೇ, ಜಾವಳಿಯ ಹತ್ತಿರ. ಸಕಲೇಶಪುರ ದಾಟಿ ಗೊರೂರಿಗೆ ಹೋಗಿ ಕಟ್ಟೆಯಲ್ಲಿ ನಿಲ್ಲುತ್ತಾಳೆ. ಗೊರೂರು ಅಣೆಕಟ್ಟಿನ ಪೂರ್ಣ ಮಟ್ಟ 2922 ಅಡಿ. ಪೇಪರಿನಲ್ಲಿ ದಿನಾ ಬರುವ ಮಟ್ಟವನ್ನು ಕತ್ತರಿಸಿ ಅಂಟಿಸಿ, ತುಂಬಲು ಇನ್ನೆಷ್ಟು ಎಂದು ಮೈನಸ್ ಗುರುತಿನಲ್ಲಿ ಬರೆದು, ನಮ್ಮ ಮಳೆಯ ಸ್ತಂಭಾಲೇಖದ (ಬಾರ್ ಗ್ರಾಫ್) ಕೆಳಗೆ ಇಟ್ಟೆವು. ನಮ್ಮಲ್ಲಿ ದೊಡ್ಡ ಮಳೆಯಾದ ಒಂದೆರಡು ದಿನಕ್ಕೆ ಅಲ್ಲಿ ಮಟ್ಟ ಏರುವುದು ಕಣ್ಣಿಗೆ ಕಾಣುತ್ತಿತ್ತು. "ನಮ್ಮ ಹಳ್ಳದ ನೀರು ಹಾಸನಕ್ಕೆ ಮುಟ್ತು" ಎಂದು ಗೆರೆ ತೋರಿಸಿ ಹೇಳುವ ಹುಡುಗರು, ಅಕ್ಷಾಂಶ ರೇಖಾಂಶ ಕೇಳಿದರೆ ಇವತ್ತಿಗೂ ತಲೆ ಕೆರೆದುಕೊಳ್ಳುತ್ತಾರೆ.

ಸ್ತಂಭಾಲೇಖವನ್ನು ತಿಂಗಳ ಲೆಕ್ಕದಲ್ಲಿ ಹಾಕಿದಾಗ ಮನೆಯವರು ಯಾರೂ ತಿರುಗಿ ನೋಡಲಿಲ್ಲ. ಮಳೆ ನಕ್ಷತ್ರದ ಲೆಕ್ಕದಲ್ಲಿ, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ ಎಂದು ಹಾಕಿದ ಮೇಲೆ ಅಜ್ಜಿಯರು ಸ್ವಾತಂತ್ರ್ಯ ದಿನಾಚರಣೆಗೆ ಬಂದವರು ಗೋಡೆ ಮುಂದೆ ನಿಂತು ಓದಿದರು. ಒಂದು ಮಳೆಗೆ ಎಷ್ಟು ದಿನ? 365ನ್ನು 27ರಿಂದ ಭಾಗಿಸಿದರೆ 13.5. ಹಾಗಾಗಿಯೇ ಪಂಚಾಂಗದಲ್ಲಿ ಕೆಲವು ಮಳೆ ಹದಿಮೂರು ದಿನ, ಕೆಲವು ಹದಿನಾಲ್ಕು. ಇದನ್ನು ಕಂಡುಹಿಡಿದ ಹುಡುಗಿ ಮನೆಯಲ್ಲಿ ಅಜ್ಜನಿಗೇ ಪಾಠ ಹೇಳಿದಳಂತೆ. ಎರಡು ಹದಿಮೂರೂವರೆ ಕೂಡಿದರೆ ಇಪ್ಪತ್ತೇಳು, ಅದಕ್ಕೇ ಒಂದು ಹದಿಮೂರು ಒಂದು ಹದಿನಾಲ್ಕು ಎಂದು. ಇಷ್ಟು ದಿನ ನಾನು ಅರ್ಧ, 0.5 ಎಂದು ಗಂಟಲು ಹರಿದುಕೊಂಡದ್ದೇ ಬಂತು.

ಫಲಿತಾಂಶ ಕೇಳುತ್ತೀರಿ. ನೆನಪಿನ ಮೇಲೆ ಹೇಳುತ್ತೇನೆ: ಜೂನ್‌ನಲ್ಲಿ 0.5, 0.35 ಪ್ರಶ್ನೆಗೆ ಸರಿ ಹೇಳಿದವರು ಏಳೆಂಟು ಜನ. ಸೆಪ್ಟೆಂಬರಿನಲ್ಲಿ ತಪ್ಪು ಹೇಳಿದವರು ಮೂರೋ ನಾಲ್ಕೋ, ಅದರಲ್ಲಿ ಇಬ್ಬರು ಶಾಲೆಗೇ ಸರಿಯಾಗಿ ಬಂದಿಲ್ಲ. ದಶಮಾಂಶದ ಗುಣಾಕಾರದಲ್ಲಿ ಬಿಂದು ಎಲ್ಲಿ ಇಡುವುದು ಎನ್ನುವ ಗೊಂದಲ ಇನ್ನೂ ಪೂರ್ತಿ ಹೋಗಿಲ್ಲ. ಆದರೆ ಉತ್ತರ ಹುಚ್ಚುಚ್ಚಾಗಿ ಬಂದರೆ, "ಇಷ್ಟು ಮಳೆ ಬಿದ್ದರೆ ನಾವೆಲ್ಲ ಚಾರ್ಮಾಡಿ ಘಾಟಿ ಕೆಳಗಿರ್ತಿದ್ವಿ" ಎಂದು ತಾವೇ ಹೊಡೆದು ಹಾಕುತ್ತಾರೆ. ಪೋರ್ಷನ್ನೂ ಮುಗಿಯಿತು. ಸಮೀಕರಣಕ್ಕೆ ಮಾತ್ರ ಎರಡು ಶನಿವಾರ ಮಧ್ಯಾಹ್ನ ಕೂರಿಸಿಕೊಳ್ಳಬೇಕಾಯಿತು, ಹೇಗೂ ಮಳೆ ರಜೆ ತುಂಬಿಸಬೇಕಿತ್ತು. ಸಿಆರ್‌ಪಿಯವರು (ಕ್ಲಸ್ಟರಿನ ಶಾಲೆಗಳನ್ನು ನೋಡಿಕೊಳ್ಳುವವರು) ಬಂದು ಮಳೆ ಪುಸ್ತಕ ನೋಡಿ, ಇದು ಯಾವ ಚಟುವಟಿಕೆಗೆ ಬರುತ್ತದೆ ಎಂದು ಕೇಳಿದರು. ಮೂರು ಅಧ್ಯಾಯಕ್ಕೆ ಬರುತ್ತದೆ ಎಂದೆ. ಫೋಟೋ ತೆಗೆದುಕೊಂಡು ಹೋದರು.

ಬಯಲು ಸೀಮೆಯವರು, ಕಡೂರು, ಅರಸೀಕೆರೆ ಕಡೆಯವರು, ನಮ್ಮಲ್ಲಿ ಮಳೆಯೇ ಇಲ್ಲವಲ್ಲ ಎನ್ನಬೇಡಿ. ಸೊನ್ನೆ ಹೆಚ್ಚಿರುವ ಅಂಕಿಯಲ್ಲಿ ಸರಾಸರಿ, ಮಧ್ಯಾಂಕದ ಜಗಳ ಇನ್ನೂ ಚೆನ್ನಾಗಿ ಬರುತ್ತದೆ. ನಾವು ಕಡೂರು ಕಡೆಯ ಒಂದು ಶಾಲೆಯ ಜೊತೆ ವಾರಕ್ಕೊಮ್ಮೆ ಅಂಕಿ ಅದಲು ಬದಲು ಮಾಡಿಕೊಳ್ಳಲು ಶುರು ಮಾಡಿದ್ದೇವೆ. ಒಂದೇ ಜಿಲ್ಲೆಯಲ್ಲಿ, ಒಂದೇ ವಾರದಲ್ಲಿ ನಮಗೆ 290, ಅವರಿಗೆ 4 ಎಂದಾಗ ನಮ್ಮ ಮಕ್ಕಳು ಅವರ ಪೈಪು ಸೋರುತ್ತಿದೆ ಎಂದೇ ವಾದಿಸಿದರು.

ದಸರಾ ಕಳೆದ ಮೇಲೆ ಪರಿಮಾಣಗಳ ಹೋಲಿಕೆ, ಶೇಕಡಾ ಬರುತ್ತದೆ. ಅದಕ್ಕೆ ಕಾಳುಮೆಣಸು ಇಟ್ಟುಕೊಂಡಿದ್ದೇನೆ. ಹತ್ತು ಕೆಜಿ ಹಸಿ ಮೆಣಸು ಒಣಗಿದರೆ ಮೂರು, ಮೂರೂವರೆ ಕೆಜಿ ಆಗುತ್ತದೆ. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಲೆಕ್ಕ ಹೇಳುತ್ತಾರೆ, ಜಗಳಕ್ಕೆ ಬರವಿಲ್ಲ. ಗ್ರಾಂ ತೋರಿಸುವ ತಕ್ಕಡಿ ಮಾತ್ರ ಇನ್ನೂ ಸಿಕ್ಕಿಲ್ಲ. ಹೊಸದಕ್ಕೆ ಎಂಟುನೂರು ಕೇಳುತ್ತಾರೆ, ಈ ವರ್ಷದ ನನ್ನ ಬಜೆಟ್ ಪೈಪಿಗೇ ಮುಗಿದಿದೆ. ಯಾರ ಶಾಲೆಯಲ್ಲಾದರೂ ಬೀರುವಿನಲ್ಲಿ ಸುಮ್ಮನೆ ಬಿದ್ದಿದ್ದರೆ ಜನವರಿ ಒಂದು ತಿಂಗಳು ಎರವಲು ಕೊಡಿ. ಬದಲಿಗೆ ಮೇಣ ಸುರಿದು ರೆಡಿ ಮಾಡಿದ ಒಂದು ಪೈಪು ಕೊಡುತ್ತೇನೆ.